ಮೆಂತ್ಯದ ಬಳಗದ ಗಿಡ

ಮೊದಲ ದಿನ ಬದುವಿನ ಮೇಲೆ ನಿಂತು ಹೊಲ ನೋಡೋಣವೆಂದರೆ ಬದುವೇ ಇಲ್ಲ. ಹೊಲಕ್ಕೂ ಹೊಲಕ್ಕೂ ನಡುವೆ ನೀರು ನಿಂತ ಸಣ್ಣ ಕಾಲುವೆ. ಇಲ್ಲಿಯವರು ಅದಕ್ಕೆ ಸ್ಲೋಟ್ ಎನ್ನುತ್ತಾರೆ. ಅದರಾಚೆ ಕಣ್ಣು ಹಾಯುವಷ್ಟು ದೂರವೂ ಹುಲ್ಲು, ಒಂದೇ ಜಾತಿಯ ಹುಲ್ಲು. ಬೇರೊಂದು ಎಲೆ ಸಿಕ್ಕೀತೇ ಎಂದು ಬಗ್ಗಿ ಹುಡುಕಿದೆ, ಸಿಗಲಿಲ್ಲ. ಧಾರವಾಡದ ಕಡೆ ಜೋಳದ ಹೊಲದಲ್ಲೂ ತೊಗರಿಗೊಂದು ಸಾಲು, ಅಲಸಂದಿಗೊಂದು ಸಾಲು, ಅಂಚಿಗೆ ನಾಲ್ಕು ಪುಂಡಿ ಗಿಡ ಇದ್ದೇ ಇರುತ್ತವೆ. ಇದು ತಾಟಿನ ತುಂಬ ಬರೀ ಅನ್ನ ಬಡಿಸಿದ ಹಾಗಿತ್ತು. ನೋಡಿ ಕಳವಳವಾಯಿತು.

ಆ ಅನ್ನಕ್ಕೆ ಬೇಳೆ ಕೂಡಿಸುವುದೇ ಸಂಶೋಧಕಿಯಾಗಿ ನನ್ನ ಕೆಲಸ. ನೆದರ್ಲೆಂಡ್ಸ್‌ನ ಉತ್ತರದ ಫ್ರೀಸ್‌ಲ್ಯಾಂಡಿನಲ್ಲಿ, ಹುಲ್ಲಿನ ಜೊತೆ ಬಿಳಿ ಹೂವಿನ ಕ್ಲಾವರ್ ಬೆಳೆಸಿ, ಅದು ಇಲ್ಲಿನ ಚಳಿ ತಾಳುತ್ತದೆಯೇ ಎಂದು ನೋಡಬೇಕು. ಕ್ಲಾವರ್ ನಮ್ಮ ಮೆಂತ್ಯದ ಬಳಗ, ಅದೇ ಮೂರೆಲೆ. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದು ನೆರೆಯ ಹುಲ್ಲಿಗೂ ಒದಗಿಸುತ್ತದೆ. ಗೊಬ್ಬರ ಉಳಿಯುತ್ತದೆ, ಹಸುಗಳಿಗೂ ಒಳ್ಳೆಯ ಮೇವು. ಮೆಂತ್ಯ ಸಿಗದ ಊರಿನಲ್ಲಿ ಆಸೆ ತಡೆಯಲಾರದೆ ಒಮ್ಮೆ ಅದರದೇ ಪಲ್ಯ ಮಾಡಿದೆ. ದೂರದ ರೈಸ್‌ವೈಕ್ ಪಟ್ಟಣದಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ಶುಕ್ರವಾರದ ರೈಲಿಗೆ ಬಂದು ಒಂದು ತುತ್ತು ತಿಂದು ನೋಡಿದರು.

"ಇದನ್ನ ಆಕಳಕ್ಕ ಹಾಕು. ನಾ ಮೊಸರನ್ನ ಉಣ್ತೀನಿ," ಎಂದರು.

ನನಗೆ ಹೊಲ ಕೊಟ್ಟವರು ಯೆಲ್ಲೆ ಎಂಬ ಹೈನಿನ ರೈತರು, ನಮ್ಮಪ್ಪನ ವಯಸ್ಸು. ಅವರ ಡಚ್ ನನ್ನ ಕಿವಿಗೆ ನಮ್ಮೂರಿನ ಮಾತಾಗಿಯೇ ಬೀಳುತ್ತದೆ. ಇಲ್ಲೂ ಹಾಗೆಯೇ ಬರೆಯುತ್ತೇನೆ.

"ನೋಡವಾ, ಚಳಿ ಕಳದ ಮ್ಯಾಲ ನಿನ್ನ ಕ್ಲಾವರ್ ಉಳದಿದ್ರ ಇರ್ಲಿ. ಇಲ್ಲಾಂದ್ರ ಎಲ್ಲಾ ಕಿತ್ತು ಹರಗಿ ನನ್ನ ಹುಲ್ಲ ಬಿತ್ತಾಂವ."

ಅದು ಉಳಿದರೆ ನನಗೂ ಇಲ್ಲಿ ಇನ್ನೆರಡು ವರ್ಷ ಕೆಲಸ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಊರಿಗೆ ಹೊರಡುವುದು.

ಬೀಜ ಬಿತ್ತಿ, ಬೇಸಿಗೆಯಲ್ಲಿ ತಂಗಿಯ ಮದುವೆಗೆ ಊರಿಗೆ ಹೋಗಿ ಬಂದು ನೋಡುತ್ತೇನೆ, ನನ್ನ ಹೊಲ ಕಡುಹಸಿರಾಗಿ ಮೊಣಕಾಲೆತ್ತರ ಬೆಳೆದಿದೆ. ಯೆಲ್ಲೆಯವರ ಮುಖ ಅರಳಿತ್ತು.

"ನೀ ಇರ್ಲಿಲ್ಲ. ಭಾಳ ಬಡವಾಗಿ ಕಾಣ್ತಿತ್ತವಾ ನಿನ್ನ ಹೊಲ, ನೋಡಾಕ ಆಗ್ಲಿಲ್ಲ. ಎರಡು ಸಲ ಗೊಬ್ಬರ ಕೊಟ್ಟೆ."

ನನ್ನ ಜೀವವೇ ಹೋದಂತಾಯಿತು. ಗೊಬ್ಬರ ಉಂಡ ಹುಲ್ಲು ಸೊಕ್ಕಿ ಬೆಳೆದು ಬೆಳಕನ್ನೆಲ್ಲ ನುಂಗಿತ್ತು. ಬುಡದಲ್ಲಿ ಕ್ಲಾವರ್ ಬಿಳಚಿಕೊಂಡು ಅಲ್ಲೊಂದು ಇಲ್ಲೊಂದು ಉಳಿದಿತ್ತು. ಕೂಗಾಡಬೇಕೆನಿಸಿತು. ಆದರೆ ಸಾಕು ಸಾಕು ಎಂದರೂ ತಾಟಿಗೆ ತುಪ್ಪ ಸುರಿಯುವ ನಮ್ಮಜ್ಜಿಯ ಮೇಲೆ ಯಾರಾದರೂ ಕೂಗಾಡಿದ್ದುಂಟೇ? ಮೆಲ್ಲಗೆ ಬಿಡಿಸಿ ಹೇಳಿದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಸಂಜೆಯೊಳಗೆ ತಮ್ಮ ಕಡಸುಗಳನ್ನೆಲ್ಲ ಹೊಡೆದುಕೊಂಡು ಬಂದು ಆ ಹೊಲಕ್ಕೆ ಬಿಟ್ಟರು. ಹುಲ್ಲು ಗಿಡ್ಡವಾದರೆ ಕ್ಲಾವರ್‌ಗೆ ಬೆಳಕು ಸಿಗುತ್ತದೆ. ಹುಲ್ಲು ತಲೆಯೆತ್ತಿದಾಗಲೆಲ್ಲ ಮತ್ತೆ ಮೇಯಿಸಿದೆವು. ನಾನು ನೋಡುತ್ತಿಲ್ಲವೆಂದುಕೊಂಡು ಅವರು ಮೊಣಕಾಲೂರಿ ಕೂತು ಕ್ಲಾವರ್ ಹುಡುಕುವುದನ್ನು ದೂರದಿಂದ ಎಷ್ಟೋ ಸಲ ಕಂಡೆ.

ಚಳಿಗಾಲ ಬಂತು. ಸ್ಲೋಟ್‌ಗಳ ನೀರು ಗಟ್ಟಿಯಾಗಿ ಮಕ್ಕಳು ಅದರ ಮೇಲೆ ಜಾರತೊಡಗಿದರು. ಹೊಲ ಬಿಳಿಯ ಹಲಗೆಯಾಯಿತು. ವಾರವಿಡೀ ಕನ್ನಡದಲ್ಲಿ ಮಾತಾಡಲು ಗೋಡೆಯೇ ಗತಿ. ಫೋನಿನಲ್ಲಿ ಅವ್ವ, "ನಿನ್ನ ಪಾಲಿನ ಉಪ್ಪಿನಕಾಯಿ ಭರಣ್ಯಾಗ ಹಂಗ ಐತಿ. ಬಂದು ತಿನ್ನುವಂತಿ," ಎನ್ನುತ್ತಿದ್ದಳು. ಒಂದು ದಿನ ಕಿಟಕಿಯಿಂದ ಹೊಲ ನೋಡುತ್ತ, ಕ್ಲಾವರ್ ಸತ್ತರೆ ಸಾಯಲಿ, ಊರಿಗಾದರೂ ಹೋಗಬಹುದು ಅಂದುಕೊಂಡೆ. ಅಂದುಕೊಂಡದ್ದೇ ತಡ, ನನ್ನನ್ನೇ ಬೈದುಕೊಂಡೆ. ಮಣ್ಣಿಗೆ ನಾನೇ ಕೈಯಾರೆ ಹಾಕಿದ ಬೀಜ ಅದು.

ಮಂಜು ಕರಗಿ, ಹುಲ್ಲು ಮತ್ತೆ ಚಿಗುರಿ, ಬಿಸಿಲು ಬೆಚ್ಚಗಾದ ಮೇಲೆ ಒಂದು ಶನಿವಾರ ಯೆಲ್ಲೆ ಬಾಗಿಲು ಬಡಿದರು. "ಬಾರವಾ," ಎಂದರು, ಅಷ್ಟೇ. ನಮ್ಮ ಮನೆಯವರೂ ಜೊತೆಗೆ ಬಂದರು. ಯೆಲ್ಲೆ ಬಗ್ಗಿ, ತಮ್ಮ ದಪ್ಪ ಬೆರಳುಗಳಿಂದ ಹುಲ್ಲನ್ನು ಕೂದಲು ಬೈತಲೆ ತೆಗೆದಂತೆ ಬಿಡಿಸಿದರು. ನೆಲಕ್ಕಂಟಿ ಹಬ್ಬಿದ ಬಳ್ಳಿ, ಗೆಣ್ಣುಗೆಣ್ಣಿಗೂ ಬೇರು, ಅದರ ಮೇಲೆ ಇನ್ನೂ ಮಡಿಸಿಕೊಂಡಿದ್ದ ಮೂರು ಪುಟ್ಟ ಎಲೆ. ಪಕ್ಕದಲ್ಲಿ ಇನ್ನೊಂದು. ಆ ಕಡೆ ಇನ್ನೂ ಹತ್ತಾರು.

"ಹರಗೂದಿಲ್ಲ," ಎಂದರು ಯೆಲ್ಲೆ. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

"ಬದುಕೇತಲ್ಲ, ಮತ್ಯಾಕ ಅಳ್ತಿ?" ಎಂದರು ನಮ್ಮ ಮನೆಯವರು.

"ಬದುಕೇತಂತನ ಅಳಾಕತ್ತೀನ್ರಿ."

ಕೆಲವು ವಾರಗಳಲ್ಲಿ ಯೆಲ್ಲೆ ಕೊಟ್ಟಿಗೆಯ ಬಾಗಿಲು ತೆರೆದರು. ಇಡೀ ಚಳಿಗಾಲ ಒಳಗಿದ್ದ ಹಸುಗಳು ಹಿಂಗಾಲು ಝಾಡಿಸಿ ಕುಣಿಯುತ್ತ ನನ್ನ ಹೊಲಕ್ಕೆ ನುಗ್ಗಿದವು. ಅಂದು ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಕೆಲಸ ಇನ್ನೆರಡು ವರ್ಷ ಮುಂದುವರಿದದ್ದನ್ನು ಮಾತ್ರ ಹೇಳಲು ನಾಲಿಗೆ ಏಳಲಿಲ್ಲ.

"ಆಕಳ ಹೊಟ್ಟಿ ತುಂಬ್ತಲ್ಲ, ಚೊಲೋ ಆತು ಬಿಡವಾ," ಎಂದಳು ಅವ್ವ. ಆಮೇಲೆ ಕೇಳಿದಳು: "ಹಂಗಾದ್ರ ಉಪ್ಪಿನಕಾಯಿ ಅಲ್ಲಿಗೇ ಕಳಸ್ಲೇನು?"

"ಹೂಂ, ಕಳಸವ್ವಾ," ಎಂದೆ.