ಗಿಲೇನ್ ವೋತ್ರೋ ನಿಲ್ಲಿಸಿದ ಮನೆ

ಗಿಲೇನ್ ವೋತ್ರೋ ಫ್ರಾನ್ಸಿನ ನಮ್ಮ ತ್ರ್ವಾ ನಗರದ ಹಳೇ ಪೇಟೆಯಲ್ಲಿ ನಲವತ್ತೊಂದು ವರ್ಷ ಬಡಗಿಯಾಗಿದ್ದ. ಮರದ ಚೌಕಟ್ಟಿಗೆ ಮಣ್ಣು ತುಂಬಿ ಕಟ್ಟಿದ ಇಲ್ಲಿನ ಓರೆಕೋರೆ ಮನೆಗಳಲ್ಲಿ ಅವನ ಕೈ ತಾಗದವು ಕಡಿಮೆ. ನಿವೃತ್ತಿಗೆ ಮುಂಚಿನ ಅವನ ಕೊನೆಯ ಕೆಲಸ ನನ್ನ ಕಿಟಕಿಯ ಎದುರಿಗೇ ನಡೆಯಿತು. ಮೂವತ್ತು ವರ್ಷಗಳ ಹಿಂದೆ ಬಿಚ್ಚಿ ಗೋದಾಮಿನಲ್ಲಿಟ್ಟಿದ್ದ ಮನೆಯೊಂದನ್ನು ಅವನು ಮತ್ತೆ ನಿಲ್ಲಿಸಬೇಕಿತ್ತು. ಬಿಚ್ಚಿದವರ ನಕ್ಷೆ ಸಿಕ್ಕಿರಲಿಲ್ಲ. ನಾನೂರು ವರ್ಷದ ಹಿಂದೆ ಯಾವನೋ ಬಡಗಿ ಪ್ರತಿ ತೊಲೆಯ ಮೇಲೂ ಉಳಿಯಿಂದ ಗೀರಿದ್ದ ಗುರುತುಗಳೇ ಆಧಾರ.

ಕಂಬಗಳು ಸರಾಗವಾಗಿ ನಿಂತವು. ಮುಂಗೋಡೆಯ ಎರಡು ಓರೆ ತೊಲೆಗಳು ಮಾತ್ರ ಕೂರಲಿಲ್ಲ. ಮರದ ಮೊಳೆ ಹೊಡೆಯುವ ತೂತುಗಳು ಒಂದು ಬೆರಳಿನಷ್ಟು ಆಚೀಚೆ ಇದ್ದವು.

"ಶುಕ್ರವಾರದ ತನಕ ಕಾಯ್ತೀನಿ, ಗಿಲೇನ್ ಅವರೇ," ಎಂದಳು ಎಂಜಿನಿಯರ್ ಮಯೆಲ್. "ಆಮೇಲೆ ಇವೆರಡನ್ನೂ ಬಿಸಾಕಿ ಹೊಸ ಓಕ್ ಮರ ಹಾಕೋಣ."

"ಕೊನೇ ಕೆಲಸದಲ್ಲಿ ಹಳೇ ತೊಲೆ ಬಿಸಾಕಿ ನಾನು ಮನೆಗೆ ಹೋಗಲ್ಲಮ್ಮ."

ಮೂರು ದಿನ ಅಳೆದ, ಒರೆಸಿದ, ಮತ್ತೆ ಅಳೆದ. ಗುರುತಿರುವ ಮುಖ ಬೀದಿಗಿರಬೇಕು ಎಂಬುದು ಅವನಿಗೆ ಗುರು ಕಲಿಸಿದ ಕ್ರಮ. ಅದನ್ನು ಅವನು ಅನುಮಾನಿಸಲೇ ಇಲ್ಲ.

ಗುರುವಾರ ಮಧ್ಯಾಹ್ನ ನನ್ನ ಪಕ್ಕದ ಮನೆಯ ಸೊಲಾಂಜ್ ಅವನಿಗೆ ತಟ್ಟೆಯಲ್ಲಿ ಬಿಸಿ ಸಾಸೇಜ್ ತಂದರು. ಅವರಿಗೆ ಎಂಬತ್ತಮೂರು, ಅವನನ್ನು ಚಿಕ್ಕಂದಿನಿಂದ ಬಲ್ಲವರು.

"ಏನೋ, ಇನ್ನೂ ತಲೆ ಕೆರ್ಕೊಳ್ತಾ ಇದ್ದೀಯಾ? ಕೈ ನೋಡ್ಕೋ, ಒಲೆ ಗುಡಿಸಿದ ಹಾಗಿದೆ."

"ತೊಲೆ ಮಸಿ, ಮದಾಂ. ಎಷ್ಟು ಒರೆಸಿದ್ರೂ ಹೋಗಲ್ಲ."

"ನೀನು ಬೀದಿಗೆ ತಿರುಗಿಸ್ತಿರೋ ಗುರುತಿನ ಮಗ್ಗುಲಿಗೇ ಮೆತ್ತಿದೆಯಲ್ಲೋ! ಆ ಕಾಲದಲ್ಲಿ ಬೀದೀಲಿ ಅಡುಗೆ ಮಾಡ್ತಿದ್ರಾ?"

ಗಿಲೇನ್ ಸಾಸೇಜ್ ಕೆಳಗಿಟ್ಟು ತೊಲೆಯನ್ನು ಹೊರಳಿಸಿದ. ಹಿಂಬದಿ ಮಳೆಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿತ್ತು. ಅಂದರೆ ಬೀದಿ ಕಂಡದ್ದು ಆ ಮುಖ. ಇವೆರಡಕ್ಕೆ ಮಾತ್ರ ಹಳೇ ಬಡಗಿ ಒಳಮುಖದಲ್ಲಿ ಗೀರಿದ್ದ; ಏಕೆಂದು ಇಂದಿಗೂ ಗೊತ್ತಿಲ್ಲ. ಮುಖ ತಿರುಗಿದರೆ ಓರೆಯ ದಿಕ್ಕೂ ತಿರುಗುತ್ತದೆ; ಹೀಗೆ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಸೇರಿಸಲು ಗಿಲೇನ್ ಮೂರು ದಿನ ಹೆಣಗಿದ್ದ.

ತೊಲೆಗಳ ಮುಖ ತಿರುಗಿಸಿ ಅದಲುಬದಲು ಮಾಡಿದಾಗ ಎರಡೂ ಸದ್ದಿಲ್ಲದೆ ಕೂತವು. ತೂತುಗಳು ಒಂದಕ್ಕೊಂದು ಸರಿಯಾಗಿ ಸೇರಿ, ಅವುಗಳಲ್ಲಿ ಆಚೆಯ ಬೆಳಕು ಕಂಡಿತು. ಮಯೆಲ್ ಬಗ್ಗಿ ನೋಡಿ, ಹೊಸ ಮರ ಬೇಡವೆಂದು ಅಲ್ಲಿಂದಲೇ ಫೋನ್ ಮಾಡಿದಳು.

"ಕೊಡತಿ ಕೊಡೋ, ಮೊಳೆ ನಾನೇ ಹೊಡೀತೀನಿ," ಎಂದರು ಸೊಲಾಂಜ್.

"ಮೆಲ್ಲಗೆ, ಮದಾಂ! ನಾನೂರು ವರ್ಷದ ಮರ."

"ಅದರ ಮೇಲೆ ಇಷ್ಟು ಕರುಣೆ! ನನ್ನ ಸಾಸೇಜ್ ತಣ್ಣಗಾಯ್ತು, ಅದನ್ನ ಯಾರು ನೋಡ್ತಾರೆ?"

ಗಿಲೇನ್ ಮಸಿ ಕೈಯಲ್ಲೇ ತಟ್ಟೆ ಎತ್ತಿಕೊಂಡ.