ಪರೀಕ್ಷೆಗೆ ಬಾರದವರ ಸಕ್ಕರೆ

ಪಿ.ಜೆ. ಬಡಾವಣೆಯ ಒಂದು ಸಕ್ಕರೆ ಕಾಯಿಲೆ ಕ್ಲಿನಿಕ್ಕಿಗೆ ನಮ್ಮ ಆಫೀಸು ಒಂದು ಪ್ರೋಗ್ರಾಂ ಮಾಡಿಕೊಟ್ಟಿತ್ತು. ರೋಗಿಗಳ ಹಳೆಯ ಪರೀಕ್ಷೆಗಳನ್ನು ನೋಡಿ, ಈ ತಿಂಗಳು ಯಾರ ಶುಗರ್ ಏರಬಹುದು ಎಂದು ಅದು ಅಂದಾಜು ಹೇಳುತ್ತದೆ. ಅಂಥವರಿಗೆ ಕ್ಲಿನಿಕ್ಕಿನಿಂದ ಫೋನ್ ಹೋಗುತ್ತದೆ. ಅಂದಾಜು ಸರಿಯೋ ತಪ್ಪೋ ನೋಡುವ ಕೆಲಸ ನನ್ನದು. ಹರಿಹರದಲ್ಲಿ ಅಣ್ಣನ ಮನೆಯಲ್ಲಿರುವ ನನ್ನ ಅವ್ವನೂ ಈ ಕ್ಲಿನಿಕ್ಕಿನಲ್ಲೇ ತೋರಿಸಿಕೊಳ್ಳುವವಳು. ಅವಳಿಗೆ ಹೋಗಬೇಕಾದ ಫೋನ್ ತಪ್ಪಬಾರದು ಎಂಬುದೇ ನನ್ನ ಚಿಂತೆ.

ಒಂದು ಬೆಳಿಗ್ಗೆ, ಪ್ರೋಗ್ರಾಂ ಬರೆದ ಸಹೋದ್ಯೋಗಿ ಹಲ್ಲು ಕಿರಿಯುತ್ತ ಬಂದ.

"ನೋಡ್ರಿ ಮೇಡಂ, ಅಂದಾಜೆಲ್ಲ ಕರೆಕ್ಟ್ ಐತೆ."

ನೋಡಿದೆ. ಅನುಮಾನ ಬರುವಷ್ಟು ಕರೆಕ್ಟು. "ಪರೀಕ್ಷೆಗೇ ಬರದೆ ಇದ್ದೋರದ್ದು ಖಾಲಿ ಇತ್ತಲ್ಲಪ್ಪ, ಅದೆಲ್ಲಿ ಹೋತು?"

"ಖಾಲಿ ಇದ್ರೆ ಲೆಕ್ಕ ನಿಂತು ಹೋಗ್ತೈತ್ರಿ. ಅದಕ್ಕ ಅವರವರ ಹಳೇ ಸರಾಸರಿ ತುಂಬಿದೆ."

ಅಯ್ಯೋ ದೇವರೇ! ಹಳೆಯದನ್ನು ನೋಡಿ ಅಂದಾಜು ಹೇಳುವುದು, ನಿಜ ಇರಬೇಕಾದ ಜಾಗಕ್ಕೂ ಹಳೆಯದನ್ನೇ ತುಂಬುವುದು, ಆಮೇಲೆ ಎರಡೂ ಹೊಂದಿತು ಎಂದು ಬೆನ್ನು ತಟ್ಟಿಕೊಳ್ಳುವುದು. ಉಗಿದೆ.

"ಹಂಗಾರೆ ಬರದೆ ಇದ್ದೋರ ಸಾಲೇ ತೆಗೆದುಬಿಡ್ಲೇನ್ರಿ?"

ತೆಗೆದರೆ ಇನ್ನೂ ಚಂದ! ಬಂದವರು ಮಾತ್ರ ಉಳಿಯುತ್ತಾರೆ. ನಮ್ಮ ಜನ ಶುಗರ್ ಪರೀಕ್ಷೆಗೆ ಬರುವುದು ಯಾವಾಗ? ಅನ್ನ ಬಿಟ್ಟು, ಹಾಗಲಕಾಯಿ ರಸ ಕುಡಿದು, ಡಾಕ್ಟರಿಂದ ಬೈಸಿಕೊಳ್ಳದ ಹಾಗೆ ತಯಾರಾದ ಮೇಲೆ. ಹೋಳಿಗೆ ಉಂಡ ವಾರ ಒಬ್ಬರೂ ಆ ಕಡೆ ಸುಳಿಯುವುದಿಲ್ಲ. ಖಾಲಿ ಇದ್ದವರಲ್ಲೇ ಶುಗರ್ ಏರಿದವರು ಹೆಚ್ಚು, ಅವರಿಗೇ ಫೋನ್ ಹೋಗಬೇಕಾದ್ದು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. "ಟೆನ್ಷನ್ ಮಾಡ್ಕೋಬ್ಯಾಡ್ರಿ" ಎಂದ, ಪುಣ್ಯಾತ್ಮ.

ಸಿಟ್ಟಿನಲ್ಲೇ ಅವ್ವನ ಸಾಲು ಹುಡುಕಿದೆ. ಎರಡು ತಿಂಗಳಿಂದ ಪರೀಕ್ಷೆಯೇ ಇಲ್ಲ. ಆ ಜಾಗದಲ್ಲಿ ಇವನು ತುಂಬಿದ ಸರಾಸರಿ ಕೂತಿತ್ತು, ಪಕ್ಕದಲ್ಲಿ 'ಫೋನ್ ಬೇಡ' ಎಂದಿತ್ತು. ನಾನೇ ಫೋನ್ ಮಾಡಿದೆ.

"ಟೆಸ್ಟಿಗೆ ಯಾಕ ಹೋಗಿಲ್ಲಬೇ ಅವ್ವಾ?"

"ಬಸುರಿ ಮೊಮ್ಮಗಳ ಕುಬುಸ ಇತ್ತಲ್ಲ, ಬಾಯಿ ಕಟ್ಟಾಕಾಗಲಿಲ್ಲ. ಈಗ ಹೋದ್ರೆ ಜಾಸ್ತಿ ತೋರಿಸ್ತೈತೆ. ಒಂದು ವಾರ ಪಥ್ಯ ಮಾಡಿ ಹೋಗ್ತೀನಿ. ಕಾಲಿನ ಗಾಯಾನೂ ಅಷ್ಟರಾಗ ಮಾಯ್ತೈತೆ."

"ಯಾವ ಗಾಯ?"

"ಚಪ್ಪಲಿ ಕಚ್ಚಿತ್ತು. ಈಗ ನೋವೇ ಇಲ್ಲ ಬಿಡು."

ಸಕ್ಕರೆ ಕಾಯಿಲೆಯವರ ಬಾಯಲ್ಲಿ ಕೇಳಬಾರದ ಮಾತು ಅದು; ಗಾಯವಿದ್ದೂ ನೋವಿಲ್ಲವೆಂದರೆ ಕಾಲು ಸ್ಪರ್ಶ ಕಳೆದುಕೊಂಡಿದೆ ಎಂದೇ ಅರ್ಥ. ಸಿಕ್ಕ ಬಸ್ಸು ಹತ್ತಿ ಹರಿಹರಕ್ಕೆ ಹೋದೆ, ದಾರಿಯುದ್ದಕ್ಕೂ ಬೈಯುತ್ತಲೇ ಅವಳನ್ನು ಬಾಡಿಗೆ ಕಾರಿನಲ್ಲಿ ಕ್ಲಿನಿಕ್ಕಿಗೆ ಕರೆತಂದೆ. ನರ್ಸು ಬೆರಳು ಚುಚ್ಚಿ ಮೀಟರು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಡಾಕ್ಟರು ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಹೆಬ್ಬೆರಳು ಕಪ್ಪಾಗಿತ್ತು.

"ಇವತ್ತೇ ಅಡ್ಮಿಟ್ ಮಾಡ್ರಿ. ಬೆರಳು ಉಳೀತೈತೋ ಇಲ್ಲೋ ಹೇಳಾಕಾಗಲ್ಲ" ಎಂದರು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಅವ್ವ ಮಾತ್ರ ನರ್ಸಿನ ಕೈ ಹಿಡಿದುಕೊಂಡಿದ್ದಳು.

"ಈ ಸಲದ್ದು ಬರೀಬ್ಯಾಡ ತಾಯಿ," ಎಂದಳು. "ಮುಂದಿನ ವಾರ ಪಥ್ಯ ಮಾಡಿ ಬರ್ತೀನಿ, ಅದನ್ನ ಬರ್ಕೊ."