ಬಾಗಿಲ ಮೇಲಿನ ಲಿಪಿ

ಆಗಿನ ದಿನಗಳ ಬಗ್ಗೆ ನಾನು ಹೇಳುವುದನ್ನು ಪೂರ್ತಿ ನಂಬಬೇಡಿ, ನನಗೇ ನಂಬಿಕೆಯಿಲ್ಲ. ಬಾಲಾನಗರದ ನಮ್ಮ ಗಲ್ಲಿಯಲ್ಲಿ ಬೇಸಿಗೆಯೆಂದರೆ ಕಾದ ಕಬ್ಬಿಣದ ವಾಸನೆ, ಉಪ್ಪುಖಾರ ಹಚ್ಚಿದ ಮಾವಿನಕಾಯಿ. ಇಷ್ಟು ಖಚಿತ. ಉಳಿದದ್ದನ್ನು ಆಮೇಲೆ ಕಟ್ಟಿಕೊಂಡಿರಬಹುದು.

ನಾವು ಕಲಬುರಗಿಯಿಂದ ಈ ತೆಲುಗು ಊರಿಗೆ ಹೊಸದಾಗಿ ಬಂದವರು. ಗಲ್ಲಿಯ ಹುಡುಗರು ತೆಲುಗಿನಲ್ಲಿ ಗೋಲಿ ಆಡುತ್ತಿದ್ದರು, ಹಿಂದಿಯಲ್ಲಿ ಜಗಳವಾಡುತ್ತಿದ್ದರು. ನನ್ನ ಮಾತು ಕೇಳಿ ನನಗೆ 'ಐತಿ' ಎಂದೇ ಹೆಸರಿಟ್ಟರು. "ಏ ಐತೀ, ನುವ್ವು ಪೋರಾ!" ಎಂದು ಆಟದಿಂದ ಆಚೆಗಟ್ಟುತ್ತಿದ್ದರು.

ಒಬ್ಬನೇ ಕೂತು ಒಂದು ಲಿಪಿ ಮಾಡಿದೆ. ತುಟಿ ಮುಚ್ಚುವ ಸದ್ದಿಗೆ ಸೊನ್ನೆ, ನಾಲಿಗೆ ಹಲ್ಲಿಗೆ ತಾಗಿದರೆ ಓರೆಗೆರೆ, ಗಂಟಲಿನದಕ್ಕೆ ಕೊಕ್ಕೆ. ಭಾಷೆ ಯಾವುದಾದರೇನು, ಬಾಯಿ ಒಂದೇ ತಾನೆ? ಎಲ್ಲರೂ ಇದನ್ನು ಕಲಿತರೆ ನನ್ನನ್ನೂ ಆಟಕ್ಕೆ ಕರೆಯುತ್ತಾರೆ ಅಂದುಕೊಂಡಿದ್ದೆ.

ಕೇಳಿಸಿಕೊಂಡವರು ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ, ಗಲ್ಲಿಗೆಲ್ಲ ಚಿಕ್ಕಮ್ಮನಾದ ಖಾಲಾ ಮಾತ್ರ. ಅವರು 'ಖಾಲಾ' ಎಂದಾಗ ಮೊದಲ ಸದ್ದು ಗಂಟಲು ಕೆರೆದಂತೆ ಬರುತ್ತಿತ್ತು. ಅದಕ್ಕೆ ನನ್ನಲ್ಲಿ ಗುರುತಿರಲಿಲ್ಲ. ಮತ್ತೆ ಮತ್ತೆ ಹೇಳಿಸಿದೆ.

"ಮೇರೇ ಗಲೇ ಮೇಂ ಕ್ಯಾ ಢೂಂಡ್ರಾ ರೇ?" ತಮ್ಮ ಗಂಟಲಲ್ಲಿ ಏನು ಹುಡುಕುತ್ತಿದ್ದೀ ಎಂದು ನಕ್ಕರು.

ಕೊಕ್ಕೆಯ ಮೇಲೆ ಒಂದು ಚುಕ್ಕೆ ಇಟ್ಟೆ.

ಒಂದು ಮಧ್ಯಾಹ್ನ ಗಲ್ಲಿಯೆಲ್ಲ ಮಲಗಿದ್ದಾಗ ಪ್ರತಿ ಬಾಗಿಲಿನ ಚೌಕಟ್ಟಿನ ಮೇಲೂ ಆ ಮನೆಯವರ ಹೆಸರನ್ನು ನನ್ನ ಲಿಪಿಯಲ್ಲಿ ಸೀಮೆಸುಣ್ಣದಿಂದ ಬರೆದೆ. ಖಾಲಾರ ಬಾಗಿಲಿಗೆ 'ಖಾಲಾ' ಎಂದೇ ಬರೆದೆ.

ಸಂಜೆ ಕೂಗೆದ್ದಿತು. "ಬಾನಾಮತಿ! ಎವಡೋ ಬಾನಾಮತಿ ಚೇಸಿಂಡು!" ಮಾಟಗಾರರು ಬಾಗಿಲಿಗೆ ಗುರುತು ಹಾಕಿ ಹೋಗುತ್ತಾರೆಂಬ ಭಯ ನಮ್ಮ ಕಡೆಯೂ ಇತ್ತು, ಅಲ್ಲಿಯೂ ಇತ್ತು. ಆ ಒಂದು ಶಬ್ದಕ್ಕೆ ಯಾರಿಗೂ ಅನುವಾದ ಬೇಕಿರಲಿಲ್ಲ. ಅರಿಶಿನದ ನೀರು ಬಂತು, ನಿಂಬೆಹಣ್ಣು ಬಂತು. ಅವ್ವನೂ ನಮ್ಮ ಬಾಗಿಲು ತೊಳೆಯತೊಡಗಿದಳು.

"ಅವ್ವಾ, ಅದು ನಿನ್ನ ಹೆಸರು ಐತಿ. ನಾನs ಬರದೀನಿ."

"ಬಾಯಿ ಮುಚ್ಚು! ಯಾರರ ಕೇಳಿದ್ರ ಈ ಊರಾಗ ನಮ್ಮನ್ನ ಇರಾಕ ಬಿಡಂಗಿಲ್ಲ."

ಮುಚ್ಚಿದೆ. ತೆಲುಗು ಕಲಿತೆ, ಗೋಲಿಗೂ ಸೇರಿದೆ. ಈಗ ಈ ಊರಿನ ಎಲ್ಲ ಭಾಷೆಗಳನ್ನೂ ತಡವರಿಸದೆ ಆಡುತ್ತೇನೆ. ಅವ್ವ ಹೋದ ಮೇಲೆ 'ಐತಿ' ಅನ್ನಲು ಎದುರಿಗೆ ಯಾರೂ ಇಲ್ಲ.

ಖಾಲಾ ಮಾತ್ರ ಅಂದು ತಮ್ಮ ಬಾಗಿಲು ಒರೆಸಲಿಲ್ಲ ಎಂದು ನನ್ನ ನೆನಪು. ಒಂಟಿ ಮಕ್ಕಳು ಇಂಥ ಸಮಾಧಾನಗಳನ್ನು ಹೆಣೆದುಕೊಳ್ಳುತ್ತಾರೆ ಎಂಬುದು ನನಗೆ ಗೊತ್ತು. ಹೋದ ವರ್ಷ ಆ ಗಲ್ಲಿಗೆ ಹೋಗಿ ನೋಡಿದೆ. ಖಾಲಾ ತೀರಿಕೊಂಡು ಬಹಳ ಕಾಲವಾಗಿದೆ, ಬಾಗಿಲಿಗೆ ಬೀಗ. ಚೌಕಟ್ಟಿನ ಮೇಲೆ ನನ್ನ ಸೊಟ್ಟ ಗೆರೆಗಳಿವೆ. ಅಳಿಯದಂತೆ ಖಾಲಾ ಅವುಗಳ ಮೇಲೇ ಹಸಿರು ಬಣ್ಣದಿಂದ ತಿದ್ದಿದ್ದಾರೆ.

ಕೊಕ್ಕೆಯ ಮೇಲೆ ಚುಕ್ಕೆಯೂ ಇದೆ.